ಗಂಡನ ಅಕ್ಕನ ಮನೆಯವರನ್ನು ಪಾಕಿಸ್ತಾನದಿಂದ ವಾಪಸ್ ತಳ್ಳುತ್ತಾರಂತೆ, ಏನು ಮಾಡೋದು?

ಬೆಣ್ಣೆದೋಸೆ_ಮೆಲ್ಬರ್ನ್
ಇಲ್ಲಿ ನಾನು ಸಾಮಾನ್ಯವಾಗಿ ಮಕ್ಕಳ ಕನ್ನಡ ಕ್ಲಾಸು, ಮನೆ ಸಾಲ, ಇಂಥದ್ದೇ ಬರೆಯೋದು. ಇವತ್ತಿನ ವಿಷಯ ಬೇರೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ದಾವಣಗೆರೆಯವಳು, ಮೆಲ್ಬರ್ನಿನಲ್ಲಿ ನರ್ಸ್. ಗಂಡ ಹಜಾರಾ, ಅಂದರೆ ಅಫ್ಘಾನಿಸ್ತಾನದ ಒಂದು ಸಣ್ಣ ಸಮುದಾಯದವರು. ಅಫ್ಘಾನಿಸ್ತಾನದ ಘಜ್ನಿ ಪ್ರಾಂತ್ಯದ ಜಾಘೋರಿ ಕಡೆಯವರು. 2010ರಲ್ಲಿ ದೋಣಿಯಲ್ಲಿ ಬಂದರು, ಈಗ ಇಲ್ಲಿನ ಪೌರತ್ವ ಇದೆ. (ಮದುವೆ ವಿಷಯ ಹೇಳಿದಾಗ ನಮ್ಮಜ್ಜಿ ‘ಹಜಾರ ಅಂದ್ರೆ ಯಾವ ಮನೆ ಹಜಾರನೇ?’ ಅಂದಿದ್ದರು. ಆ ಕಥೆ ಇನ್ನೊಮ್ಮೆ.)

ಗಂಡನ ಅಕ್ಕ ಕಾಬೂಲಿನ ದಶ್ತ್-ಎ-ಬರ್ಚಿಯಲ್ಲಿ ಟೀಚರ್ ಆಗಿದ್ದರು, ಹೆಣ್ಣುಮಕ್ಕಳ ಶಾಲೆಯಲ್ಲಿ. ಅವರ ಗಂಡ ತೀರಿಕೊಂಡು ಆರು ವರ್ಷ ಆಯಿತು. 2021ರ ಆಗಸ್ಟಿನಲ್ಲಿ ತಾಲಿಬಾನ್ ಬಂದ ಮೇಲೆ ಕೆಲಸ ಹೋಯಿತು. 2022ರಲ್ಲಿ ವೀಸಾ ಮಾಡಿಸಿಕೊಂಡು ನಾಲ್ಕು ಮಕ್ಕಳ ಜೊತೆ ಪಾಕಿಸ್ತಾನಕ್ಕೆ ಬಂದರು. ಇಸ್ಲಾಮಾಬಾದಿನಿಂದ ಸ್ವಲ್ಪ ದೂರ ಇದ್ದಾರೆ, ಊರು ಬೇಡ. ದೊಡ್ಡ ಮಗನಿಗೆ 20, ಹೆಣ್ಣುಮಕ್ಕಳಿಗೆ 17 ಮತ್ತು 14, ಚಿಕ್ಕವನಿಗೆ 9.

ವೀಸಾ ಮುಗಿದು ಬಹಳ ದಿನ ಆಯಿತು. ನವೀಕರಣಕ್ಕೆ ಹಾಕಿದ್ದಕ್ಕೆ ಉತ್ತರವೇ ಇಲ್ಲ. ಕಳೆದ ವಾರ ದೊಡ್ಡವನು ತಂದೂರಿನಿಂದ ರೊಟ್ಟಿ ತರೋಕೆ ಹೋದವನನ್ನು ವ್ಯಾನಿಗೆ ಹತ್ತಿಸಿಕೊಂಡು ಹೋದರು. ರಾತ್ರಿ ಹನ್ನೊಂದಕ್ಕೆ ಹೇಗೋ ಬಿಡಿಸಿಕೊಂಡು ಬಂದರು. ರೊಟ್ಟಿ ಇನ್ನೂ ಕೈಯಲ್ಲೇ ಇತ್ತಂತೆ. ಈಗ ಮನೆ ಮಾಲೀಕ ತಿಂಗಳ ಕೊನೆಗೆ ಖಾಲಿ ಮಾಡಿ ಅನ್ನುತ್ತಿದ್ದಾನೆ. ಅಫ್ಘನ್ನರಿಗೆ ಬಾಡಿಗೆ ಕೊಟ್ಟರೆ ಅವನಿಗೂ ಕೇಸಂತೆ.

ಒಬ್ಬ ಏಜೆಂಟ್ ಐದು ಜನಕ್ಕೆ 40,000 ಡಾಲರ್ ಕೊಡಿ, ಮೂರು ತಿಂಗಳಲ್ಲಿ ವೀಸಾ ಗ್ಯಾರಂಟಿ ಅಂದಿದ್ದಾನೆ. ನನ್ನ ಗಂಡ ಕಾರು ಮಾರಿ, ಮಿಕ್ಕಿದ್ದು ಸಾಲ ಮಾಡೋಣ ಅಂತಿದ್ದಾರೆ. ಮೂರು ರಾತ್ರಿಯಿಂದ ಮನೆಯಲ್ಲಿ ಇದೇ ಜಗಳ. ಇಂಡಿಯಾಕ್ಕೆ ಕರೆಸಬಹುದಾ? ಇಲ್ಲಿಗೆ ಕರೆಸಲು ಸರಿಯಾದ ದಾರಿ ಯಾವುದು? ಗೊತ್ತಿದ್ದವರು ಹೇಳಿ.

ಸುಮ್ನೆ ಓದೋನು
ಏಜೆಂಟಿಗೆ ಒಂದು ಡಾಲರೂ ಕೊಡಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಪರ್ತ್ ಪಮ್ಮಿ
ಅಕ್ಕಾ, ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ವೃದ್ಧಾಶ್ರಮದಲ್ಲಿ ಕೆಲಸ ಮಾಡೋದು. ನನ್ನ ಜೊತೆ ಶಿಫ್ಟ್ ಮಾಡುವ ಹಜಾರಾ ಹೆಂಗಸೊಬ್ಬರು ತಮ್ಮನ ಸಂಸಾರಕ್ಕೆ ಅಂತ ಹೀಗೇ ಒಬ್ಬನಿಗೆ ದುಡ್ಡು ಕೊಟ್ಟರು. ಬ್ರೆಜಿಲ್ ವೀಸಾ ಅಂದಿದ್ದ. ಬ್ರೆಜಿಲ್ 2021ರಿಂದ ಅಫ್ಘನ್ನರಿಗೆ ಮಾನವೀಯ ವೀಸಾ ಕೊಡುತ್ತಿದ್ದದ್ದು ನಿಜ, ಅದಕ್ಕೇ ನಂಬಿದರು. ಸುಳ್ಳುಗಾರರು ಯಾವಾಗಲೂ ಅರ್ಧ ನಿಜ ಇಟ್ಟುಕೊಂಡೇ ಬರುತ್ತಾರೆ ನೋಡಿ. ಪಾಸ್‌ಪೋರ್ಟಿಗೆ ಅಂಟಿಸಿದ ಚೀಟಿಯ ಫೋಟೊ ಕೂಡ ಕಳಿಸಿದ. ವಿಮಾನ ನಿಲ್ದಾಣದಲ್ಲಿ ಗೊತ್ತಾಯಿತು ಅದು ಪ್ರಿಂಟರಿನಲ್ಲಿ ಹೊಡೆದದ್ದು ಅಂತ. ದುಡ್ಡು ಹೋದದ್ದು ಒಂದು ಕಡೆ. ನಕಲಿ ಕಾಗದ ತೋರಿಸಿದವರು ಅಂತ ಹೆಸರು ಬಿದ್ದರೆ ಮುಂದೆ ಯಾವ ದೇಶದವರೂ ಹತ್ತಿರ ಸೇರಿಸಲ್ಲ.

ಇನ್ನೊಂದು ಮಾತು. ಆಸ್ಟ್ರೇಲಿಯಾದ ಮಾನವೀಯ ವೀಸಾಕ್ಕೆ ತುಂಬುವ 842 ನಂಬರಿನ ಫಾರ್ಮಿಗೆ ಫೀಸೇ ಇಲ್ಲ. ವಕೀಲರು ಕೇಳೋದು ಅವರ ಕೆಲಸದ ಫೀಸು. ‘ಸರ್ಕಾರಕ್ಕೆ ಕಟ್ಟಬೇಕು’ ಅಂದರೆ ಆ ಜಾಗದಿಂದ ಎದ್ದು ಬನ್ನಿ.

ಮಂಡ್ಯದ ಗೌಡ್ರು
ತಂಗ್ಯಮ್ಮಾ, ಅಷ್ಟು ದೂರ ಯಾಕೆ? ಇಂಡಿಯಾಕ್ಕೇ ಕರೆಸಿ. ಮೈಸೂರಲ್ಲಿ ಅಫ್ಘನ್ ಹುಡುಗರು ಬೇಕಾದಷ್ಟು ಓದ್ತಾರೆ, ನಮ್ಮ ಅಕ್ಕನ ಮನೆ ಮೇಲೇ ಇಬ್ಬರು ಬಾಡಿಗೆಗಿದ್ದರು. ಒಳ್ಳೆ ಹುಡುಗರು. ದೊಡ್ಡವನಿಗೆ ಕಾಲೇಜು ಸೀಟು, ಮಿಕ್ಕವರು ಅವನ ಜೊತೆ. ಹೊಸ ಪೌರತ್ವ ಕಾಯಿದೆ ಬೇರೆ ಬಂದಿದೆಯಲ್ಲ.

ಧಾರವಾಡ ವಕೀಲ
ಗೌಡ್ರೇ, ನಿಮ್ಮ ಮನಸ್ಸು ದೊಡ್ಡದು, ಕಾನೂನು ಅಷ್ಟು ದೊಡ್ಡದಿಲ್ಲ. 2019ರ ಪೌರತ್ವ ತಿದ್ದುಪಡಿ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಮಾತ್ರ. ಅದೂ 2014ರ ಡಿಸೆಂಬರ್ 31ರ ಒಳಗೆ ಬಂದವರಿಗೆ. ಹಜಾರಾಗಳು ಬಹುಪಾಲು ಶಿಯಾ ಮುಸ್ಲಿಮರು. ಅವರಿಗೆ ಇದು ಅನ್ವಯಿಸೋದೇ ಇಲ್ಲ.

ವಿದ್ಯಾರ್ಥಿ ವೀಸಾ ಅಂದರೆ ಒಬ್ಬ ವಿದ್ಯಾರ್ಥಿಗೆ. ತಾಯಿ, ತಂಗಿಯರು, ತಮ್ಮ ಎಲ್ಲರೂ ಅದರ ಬಾಲ ಹಿಡಿದು ಬರೋಕಾಗಲ್ಲ. 2021ರ ಆಗಸ್ಟಿನಲ್ಲಿ ಭಾರತ ಸರ್ಕಾರ ಅಫ್ಘನ್ನರಿಗೆ ಕೊಟ್ಟಿದ್ದ ಹಳೇ ವೀಸಾಗಳನ್ನು ಒಂದೇ ಏಟಿಗೆ ರದ್ದು ಮಾಡಿತ್ತು, ಸೀಟು ಸಿಕ್ಕಿದ್ದ ಎಷ್ಟೋ ಹುಡುಗರು ಅಲ್ಲೇ ಉಳಿದರು. ಇನ್ನು ಇವರಿರೋದು ಪಾಕಿಸ್ತಾನದಲ್ಲಿ. 2025ರ ಏಪ್ರಿಲಿನಲ್ಲಿ ಅಟ್ಟಾರಿ ಗೇಟು ಮುಚ್ಚಿದ ಮೇಲೆ ಎರಡೂ ದೇಶಗಳ ರಾಯಭಾರ ಕಚೇರಿಗಳಲ್ಲಿ ಮಾತಾಡೋಕೇ ಜನ ಕಮ್ಮಿ. ಆ ದಾರಿ ಬಿಟ್ಟುಬಿಡಿ ಮೇಡಂ.

ಭಾರತ, ಪಾಕಿಸ್ತಾನ ಎರಡೂ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಎರಡು ಕಡೆಯೂ ನಿರಾಶ್ರಿತ ಅಂತ ಪ್ರತ್ಯೇಕ ಕಾನೂನು ಇಲ್ಲ, ಇರೋದು ‘ವಿದೇಶಿ’ ಅನ್ನೋ ಪದ ಒಂದೇ. ಪಾಕಿಸ್ತಾನದವರು ಇವತ್ತಿಗೂ ಹಿಡಿಯೋದು 1946ರ ವಿದೇಶಿಯರ ಕಾಯಿದೆಯಲ್ಲಿ. ಹೌದು, ಬ್ರಿಟಿಷರು ಹೋಗೋ ಹೊತ್ತಿಗೆ ಮಾಡಿಟ್ಟದ್ದು. ನಮ್ಮಲ್ಲೂ ಅದೇ ಕಾಯಿದೆ 2025ರವರೆಗೆ ನಡೆಯಿತು. ಆಸ್ತಿ ಪಾಲಾದರೂ ಅಜ್ಜನ ಬೆತ್ತ ಇಬ್ಬರ ಮನೆಯಲ್ಲೂ ಇತ್ತು ಅಂದಂಗೆ.

ಮಂಡ್ಯದ ಗೌಡ್ರು
ಸರಿ ಬಿಡಿ ವಕೀಲ್ರೇ, ಗೊತ್ತಿರಲಿಲ್ಲ. ಹಂಗಾದ್ರೆ ಪಾಕಿಸ್ತಾನದಲ್ಲೇ ಕ್ವೆಟ್ಟಾಕ್ಕೆ ಹೋಗಲಿ. ಅಲ್ಲಿ ಇವರ ಜನಾನೇ ಲಕ್ಷಗಟ್ಟಲೆ ಇದ್ದಾರೆ ಅಂತ ಓದಿದ್ದೆ.

ಬೆಣ್ಣೆದೋಸೆ_ಮೆಲ್ಬರ್ನ್
ಗೌಡ್ರೇ, ನಾನೂ ಮೊದಲು ಅದನ್ನೇ ಕೇಳಿದ್ದೆ. ಗಂಡ ಸುಮ್ಮನೆ ನನ್ನ ಮುಖ ನೋಡಿದರು.

ಕ್ವೆಟ್ಟಾದ ಹಜಾರಾಗಳು ಇವತ್ತು ನಿನ್ನೆ ಹೋದವರಲ್ಲ. 1890ರ ದಶಕದಲ್ಲಿ ಅಮೀರ್ ಅಬ್ದುರ್ ರಹಮಾನ್ ಖಾನ್ ಹಜಾರಾಗಳ ಮೇಲೆ ದಂಡೆತ್ತಿ ಹೋದಾಗ ತಪ್ಪಿಸಿಕೊಂಡು ಕೆಲವರು ಕ್ವೆಟ್ಟಾಕ್ಕೆ, ಕೆಲವರು ಇರಾನಿನ ಮಶ್ಹದ್‌ಗೆ ಹೋದರು. ಅವರ ಮೊಮ್ಮಕ್ಕಳು ಮರಿಮಕ್ಕಳು ಈಗ ಪಾಕಿಸ್ತಾನದ ಪ್ರಜೆಗಳು, ಗುರುತಿನ ಚೀಟಿ ಎಲ್ಲ ಇದೆ. ಆದರೂ ನೆಮ್ಮದಿ ಇಲ್ಲ. 2013ರ ಜನವರಿಯಲ್ಲಿ ಅಲಮ್‌ದಾರ್ ರಸ್ತೆಯಲ್ಲಿ ಬಾಂಬು, ಮುಂದಿನ ತಿಂಗಳೇ ಹಜಾರಾ ಟೌನಿನ ಮಾರ್ಕೆಟ್ಟಿನಲ್ಲಿ. ಆಗ ಹೆಣಗಳನ್ನು ಮಣ್ಣು ಮಾಡದೆ ಕೊರೆಯುವ ಚಳಿಯಲ್ಲಿ ರಸ್ತೆ ಮೇಲೆ ಇಟ್ಟುಕೊಂಡು ಕೂತಿದ್ದರು ಜನ. 2021ರಲ್ಲಿ ಮಚ್‌ನ ಕಲ್ಲಿದ್ದಲ ಗಣಿ ಕೂಲಿಗಳನ್ನು ಕೈಕಟ್ಟಿ ಕೊಂದರು. ಮುಖ ನೋಡಿದರೇ ಗೊತ್ತಾಗುತ್ತದೆ ಇವರು ಹಜಾರಾ ಅಂತ, ಕಣ್ಣು ಮೂಗು ಬೇರೆ ಥರ. ಅಲ್ಲಿ ಅಡಗಿಕೊಳ್ಳೋಕೆ ಮುಖವೇ ಬಿಡಲ್ಲ.

ಅತ್ತಿಗೆಯ ಓರಗೆಯವರು ಕೆಲವರು ಕ್ವೆಟ್ಟಾಕ್ಕೆ ಹೋಗಿದ್ದಾರೆ, ನಿಜ. ಸಂಬಂಧಿಕರು ಒಂದು ಕೋಣೆ ಬಿಟ್ಟುಕೊಡುತ್ತಾರೆ. ಆದರೆ ಚಮನ್ ಗಡಿ ಅಲ್ಲಿಂದ ಹತ್ತಿರ, ಹಿಡಿದರೆ ಬೇಗ ದಾಟಿಸುತ್ತಾರೆ ಅಂತ ಇವರಿಗೆ ಭಯ.

ಮೊದಲು ನಮ್ಮ ಮನೆ
ಬೇಸರ ಮಾಡ್ಕೋಬೇಡಿ. ನಮ್ಮಲ್ಲೇ ಬರ, ನೆರೆ ಬಂದು ಜನ ಗುಳೆ ಹೋಗ್ತಿದ್ದಾರೆ. ಅವರಿಗೆ ಯಾರು ದಾರಿ ತೋರಿಸ್ತಾರೆ? ಯಾವುದೋ ದೇಶದವರಿಗೆ ಇನ್ಯಾವುದೋ ದೇಶದ ವೀಸಾ ಕೊಡಿಸೋದು ಕನ್ನಡ ವೇದಿಕೆಯ ಕೆಲಸಾನಾ?

ಪರ್ತ್ ಪಮ್ಮಿ
ಯಾವುದೋ ದೇಶದವರಲ್ಲ ಸ್ವಾಮಿ, ನಮ್ಮ ಹುಡುಗಿಯ ಅತ್ತಿಗೆ. ಸಂಬಂಧಿಕರು. ಅಷ್ಟೇ.

ಬೈಲುಕುಪ್ಪೆ ಬಸ್
ನಾನು ಪಿರಿಯಾಪಟ್ಟಣದವನು. ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ನಮ್ಮ ಸರ್ಕಾರ ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಜಾಗ ಕೊಟ್ಟಾಗ ಅದು ಬರೀ ಕಾಡು. ನಮ್ಮ ತಾತ ಹೇಳೋರು, ಆನೆ ಬರುತ್ತಿದ್ದ ಕಡೆ ಗುಡಿಸಲು ಹಾಕಿಕೊಂಡರು ಅಂತ. ಆಗಲೂ ‘ನಮ್ಮವರಿಗೇ ಭೂಮಿ ಇಲ್ಲ’ ಅಂದವರಿದ್ದರು. ಇವತ್ತು ಭಾನುವಾರ ಅದೇ ಜನ ಕಾರು ತಗೊಂಡು ಮೊಮೊ ತಿನ್ನೋಕೆ ಹೋಗ್ತಾರೆ.

ಸುಮ್ನೆ ಓದೋನು
ಬೈಲುಕುಪ್ಪೆ ಮೊಮೊ ಈಗ ಮೊದಲಿನಷ್ಟು ಚೆನ್ನಾಗಿಲ್ಲ. ಅದು ಬೇರೆ ಚರ್ಚೆ.

ನಿರ್ವಾಹಕ
ಹೌದು, ಬೇರೆ ಚರ್ಚೆ. ಕೇಳಿದ್ದಕ್ಕೆ ಉತ್ತರ ಬರಲಿ. ಊರು, ಹೆಸರು, ಫೋನ್ ನಂಬರ್ ಯಾರೂ ಹಾಕಬೇಡಿ, ಕೇಳಲೂಬೇಡಿ.

ಸಿಡ್ನಿ ಶನಿವಾರ
ಮೊದಲೇ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದಲ್ಲಿ ನೋಂದಣಿ ಇಲ್ಲದೆ ವೀಸಾ ಸಲಹೆ ಕೊಡುವುದು ಅಪರಾಧ. ನಾನು ವಕೀಲೆ ಅಲ್ಲ. ಶನಿವಾರ ಒಂದು ಉಚಿತ ಕಾನೂನು ಕೇಂದ್ರದಲ್ಲಿ ಫೈಲು ಜೋಡಿಸುವ, ಚಹಾ ಮಾಡುವ ಕೆಲಸ. ಹಾಗಾಗಿ ಬಹಿರಂಗವಾಗಿ ಇರುವ ನಿಯಮ ಮಾತ್ರ ಹೇಳುತ್ತೇನೆ, ನಿಮ್ಮ ಕೇಸಿಗೆ ನಿಜವಾದ ವಕೀಲರನ್ನೇ ಹಿಡಿಯಿರಿ. ನಿರಾಶ್ರಿತರಿಗೆ ಉಚಿತ ಕಾನೂನು ನೆರವಿಗೆ ಮೆಲ್ಬರ್ನಿನಲ್ಲಿ ರೆಫ್ಯೂಜಿ ಲೀಗಲ್ ಇದೆ, ಫುಟ್ಸ್‌ಕ್ರೇಯಲ್ಲಿ ಎಎಸ್‌ಆರ್‌ಸಿ ಇದೆ. ಕಾಯಬೇಕಾಗುತ್ತದೆ, ಆದರೂ ಇವತ್ತೇ ಕೇಳಿ. ದುಡ್ಡು ಕೊಟ್ಟು ಏಜೆಂಟ್ ಇಟ್ಟುಕೊಳ್ಳೋದಾದರೆ ಅವರ ಮಾರಾ (ವೀಸಾ ಏಜೆಂಟರನ್ನು ನೋಂದಾಯಿಸುವ ಸರ್ಕಾರಿ ಕಚೇರಿ) ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ಪಟ್ಟಿಯಲ್ಲಿ ನೀವೇ ಹುಡುಕಿ. ಆ 40,000ದವನಿಗೆ ಈ ಸಂಖ್ಯೆ ಕೇಳಿ ನೋಡಿ, ಅವನೇ ಫೋನ್ ಇಡುತ್ತಾನೆ.

ನಿಮ್ಮಂಥವರು ಸಾಮಾನ್ಯವಾಗಿ ಹಾಕೋದು 202 ನಂಬರಿನ ಮಾನವೀಯ ವೀಸಾ. ಅಲ್ಲಿರುವವರು 842 ಫಾರ್ಮ್ ತುಂಬಬೇಕು, ಇಲ್ಲಿರುವವರು ‘ಇವರನ್ನು ಕರೆಸಿಕೊಳ್ಳಿ’ ಅಂತ 681 ತುಂಬಬೇಕು. ಈಗ ಮುಖ್ಯ ವಿಷಯ, ದಯವಿಟ್ಟು ನಿಮ್ಮ ಗಂಡನಿಗೂ ಓದಿ ಹೇಳಿ. 202ಕ್ಕೆ ಅರ್ಜಿದಾರರು ತಮ್ಮ ಸ್ವಂತ ದೇಶದ ಹೊರಗೆ ಇರಬೇಕು. ಅಂದರೆ ಪಾಕಿಸ್ತಾನದಲ್ಲಿ ಇರುವಷ್ಟು ದಿನ ಈ ಬಾಗಿಲು ಇದೆ. ತೋರ್ಖಂ ಗಡಿ ದಾಟಿಸಿ ಅಫ್ಘಾನಿಸ್ತಾನಕ್ಕೆ ಕಳಿಸಿಬಿಟ್ಟರೆ ಇದು ಮುಚ್ಚುತ್ತದೆ. ದೇಶದೊಳಗೇ ಇರುವವರಿಗೆ 201 ಅಂತ ಇನ್ನೊಂದಿದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಹಾಗಾಗಿ ನಿಮ್ಮ ಮುಂದೆ ಇರೋದು ಒಂದಲ್ಲ, ಎರಡು ಕೆಲಸ. ಒಂದು, ಅರ್ಜಿ. ಇನ್ನೊಂದು, ಅರ್ಜಿ ನಡೆಯುವಷ್ಟು ಕಾಲ ಅವರು ಅಲ್ಲೇ ಉಳಿಯುವ ಹಾಗೆ ನೋಡಿಕೊಳ್ಳೋದು. ಎಲ್ಲರೂ ಮೊದಲನೆಯದರಲ್ಲೇ ಮುಳುಗಿ ಎರಡನೆಯದನ್ನು ಮರೆಯುತ್ತಾರೆ.

ಅರ್ಜಿಯ ಜೊತೆ ಹಾಕುವ ಹೇಳಿಕೆ ಬಗ್ಗೆ. ‘ಹಜಾರಾಗಳಿಗೆ ಅನ್ಯಾಯ ಆಗುತ್ತಿದೆ’ ಅಂತ ನಾಲ್ಕು ಪುಟ ಬರೆದು ಕಳಿಸುವವರೇ ಜಾಸ್ತಿ. ಅದು ಕಚೇರಿಯವರಿಗೆ ಗೊತ್ತು. ಅವರಿಗೆ ಬೇಕಾದ್ದು ಈ ಹೆಂಗಸಿಗೆ ಏನಾಯಿತು ಅನ್ನೋದು. ಯಾವ ಶಾಲೆ, ಎಷ್ಟು ವರ್ಷ ಪಾಠ, ಯಾರು ಬಂದು ಏನು ಬೆದರಿಸಿದರು, ಯಾವ ತಿಂಗಳು, ವಾಪಸ್ ಹೋದರೆ ಏನಾಗುತ್ತದೆ. ಗಂಡು ದಿಕ್ಕಿಲ್ಲದ ಮನೆ ಅನ್ನೋದನ್ನು ಸ್ಪಷ್ಟವಾಗಿ ಬರೆಯಲಿ. ಅಂಥ ಹೆಂಗಸರಿಗೆ ಅಂತಲೇ 204 ಅನ್ನುವ ವೀಸಾ ಇದೆ, ವಕೀಲರ ಹತ್ತಿರ ಅದನ್ನೂ ಕೇಳಿ. ಅಫ್ಘನ್ನರ ವಿಷಯದಲ್ಲಿ ಹೆಂಗಸರು, ಹೆಣ್ಣುಮಕ್ಕಳು, ಹಜಾರಾಗಳಂಥ ಸಣ್ಣ ಸಮುದಾಯದವರಿಗೆ ಆದ್ಯತೆ ಅಂತ ಸರ್ಕಾರವೇ ಹೇಳಿದೆ.

ಕಹಿ ಸತ್ಯ ಒಂದು. ಲಕ್ಷಕ್ಕೂ ಹೆಚ್ಚು ಅಫ್ಘನ್ನರು ಅರ್ಜಿ ಹಾಕಿ ಕಾಯುತ್ತಿದ್ದಾರೆ. ಎಲ್ಲ ದೇಶದವರಿಗೂ ಸೇರಿ ವರ್ಷಕ್ಕೆ ಇರೋದು 20,000 ಜಾಗ. ತಿಂಗಳಲ್ಲ, ವರ್ಷಗಳ ಲೆಕ್ಕ ಹಾಕಿಕೊಳ್ಳಿ.

ಬೆಣ್ಣೆದೋಸೆ_ಮೆಲ್ಬರ್ನ್
ಇದನ್ನು ಗಂಡನಿಗೆ ಎರಡು ಸಲ ಓದಿ ಹೇಳಿದೆ. ‘ದೇಶದ ಹೊರಗೆ ಇರಬೇಕು’ ಅನ್ನೋದು ಗೊತ್ತೇ ಇರಲಿಲ್ಲ. ಅತ್ತಿಗೆ ಒಂದು ಹಂತದಲ್ಲಿ ‘ಹಿಡಿದುಕೊಂಡು ಹೋಗೋ ಮೊದಲು ನಾವೇ ಮರ್ಯಾದೆಯಿಂದ ಹೊರಟುಬಿಡ್ತೀವಿ’ ಅಂದಿದ್ದರು. ಬೇಡ ಅಂತ ನಿನ್ನೆ ರಾತ್ರಿಯೇ ಹೇಳಿದೆವು.

ಎರಡು ಪ್ರಶ್ನೆ. 20 ವರ್ಷದವನನ್ನು ಅದೇ ಅರ್ಜಿಯಲ್ಲಿ ಸೇರಿಸಬಹುದಾ? ಮತ್ತೆ 681 ಯಾರು ತುಂಬಬೇಕು, ನಾನೋ ಅವರೋ? ದೋಣಿಯಲ್ಲಿ ಬಂದವರು ಹಾಕಿದರೆ ತಗೊಳ್ಳೋದೇ ಇಲ್ಲ ಅಂತ ಡ್ಯಾಂಡಿನಾಂಗಿನ ಅಂಗಡಿಯಲ್ಲಿ ಯಾರೋ ಹೇಳಿದರಂತೆ.

ಸಿಡ್ನಿ ಶನಿವಾರ
ಅಂಗಡಿಯ ಮಾತು ಅರ್ಧ ಸರಿ. ಆ ತಡೆ ಇರೋದು 2012ರ ಆಗಸ್ಟ್ 13 ಮತ್ತು ಆಮೇಲೆ ದೋಣಿಯಲ್ಲಿ ಬಂದವರಿಗೆ. ನಿಮ್ಮವರು 2010, ಮೇಲಾಗಿ ಈಗ ಪ್ರಜೆ. ಇಲ್ಲಿನ ಪ್ರಜೆಯಾಗಲಿ, ಕಾಯಂ ವಾಸದ ವೀಸಾ ಇರುವವರಾಗಲಿ ತುಂಬಬಹುದು, ಅಂದರೆ ನಿಮಗೂ ಆಗುತ್ತದೆ. ಒಡಹುಟ್ಟಿದವರೇ ತುಂಬಿದರೆ ಸಂಬಂಧ ತೋರಿಸೋದು ಸುಲಭ ಅನ್ನೋದು ನನ್ನ ಅಭಿಪ್ರಾಯ.

ದೊಡ್ಡ ಮಗ ಮದುವೆಯಾಗದೆ ತಾಯಿಯ ಆಸರೆಯಲ್ಲೇ ಇದ್ದಾನೆ ಅಂತ ತೋರಿಸಬೇಕು. ಒಂದೇ ಮನೆಯ ಬಾಡಿಗೆ ಕರಾರು, ನೀವು ಕಳಿಸಿದ ದುಡ್ಡಿನ ದಾಖಲೆ, ಇಂಥವು. ಯಾರನ್ನೂ ಬಿಡಬೇಡಿ. ‘ಹುಡುಗನನ್ನು ಬಿಟ್ಟರೆ ಬೇಗ ಆಗುತ್ತೆ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಇವತ್ತು ಹೆಸರು ಬಿಟ್ಟವನನ್ನು ನಾಳೆ ಕರೆಸೋದು ಇನ್ನೂ ಕಷ್ಟ.

ಇನ್ನೊಂದು, 202ರಲ್ಲಿ ವಿಮಾನದ ಖರ್ಚು ಕರೆಸುವವರದ್ದೇ. ಐದು ಟಿಕೆಟ್.

ಟೊರಾಂಟೊ ಚಳಿ
ಕೆನಡಾದಿಂದ ಎರಡು ಮಾತು. ಇಲ್ಲಿ ಐದು ಜನ ಸೇರಿ ಒಂದು ಕುಟುಂಬದ ಹೊಣೆ ಹೊತ್ತುಕೊಂಡು ಕರೆಸುವ ಪದ್ಧತಿ ಇದೆ. ನಾವು ಮೂರು ಕನ್ನಡದ ಮನೆ, ಎರಡು ಪಂಜಾಬಿ ಮನೆ ಸೇರಿ ಹಿಂದೆ ಒಂದು ಸಿರಿಯಾ ಸಂಸಾರ ಕರೆಸಿದ್ದೆವು. ಒಂದು ವರ್ಷ ಬಾಡಿಗೆ, ದಿನಸಿ, ಮಕ್ಕಳ ಶಾಲೆ, ಹಲ್ಲಿನ ಡಾಕ್ಟರು, ಎಲ್ಲ ನಮ್ಮದು. ಜಗಳ ಆಡಿದ್ದೂ ಉಂಟು, ಲೆಕ್ಕ ಬರೆಯೋದು ಯಾರು ಅಂತ. ಆದರೆ 2024ರ ನವೆಂಬರ್ ಕೊನೆಯಲ್ಲಿ ಇಂಥ ಐದು ಜನರ ಗುಂಪುಗಳಿಂದ ಹೊಸ ಅರ್ಜಿ ತಗೊಳ್ಳೋದನ್ನು ಸರ್ಕಾರ ನಿಲ್ಲಿಸಿತು. ಮೊದಲೇ ಬಂದ ಫೈಲುಗಳು ರಾಶಿ ಬಿದ್ದಿವೆ. ಚರ್ಚು, ದೊಡ್ಡ ಸಂಸ್ಥೆಗಳ ಮೂಲಕ ಒಂದು ದಾರಿ ಇದೆ, ಅವರ ಕೋಟಾದಲ್ಲಿ ಜಾಗ ಸಿಗಬೇಕು. ಇಲ್ಲಿ ಅವರಿಗೆ ಯಾರೂ ಇಲ್ಲದಿದ್ದರೆ ಆಸ್ಟ್ರೇಲಿಯಾದ ಮೇಲೇ ಗಮನ ಇಡಿ.

ತುಂಗಾ ತೀರ
ಅಮೆರಿಕ? ಜರ್ಮನಿ? ಇರಾನ್?

ಧಾರವಾಡ ವಕೀಲ
ಅಮೆರಿಕ 2025ರ ಜನವರಿಯಲ್ಲಿ ನಿರಾಶ್ರಿತರನ್ನು ತಗೊಳ್ಳೋದನ್ನೇ ನಿಲ್ಲಿಸಿತು. ಜೂನಿನಲ್ಲಿ ಅಫ್ಘಾನಿಸ್ತಾನದವರಿಗೆ ಪ್ರವೇಶ ನಿಷೇಧ. ಜರ್ಮನಿ ‘ಬನ್ನಿ’ ಅಂತ ಬರೆದುಕೊಟ್ಟು ಪಾಕಿಸ್ತಾನದಲ್ಲಿ ಕಾಯಿಸಿದ ಜನ ಎರಡು ಸಾವಿರದ ಹತ್ತಿರ ಇದ್ದರು, ಸರ್ಕಾರ ಬದಲಾದ ಮೇಲೆ ಕೆಲವರು ಬರ್ಲಿನ್ ಕೋರ್ಟಿಗೆ ಹೋಗಿ ವೀಸಾ ಪಡೆಯಬೇಕಾಯಿತು. ಕಾಯುತ್ತಿದ್ದವರಲ್ಲೇ ಕೆಲವರನ್ನು ಪಾಕಿಸ್ತಾನ ಗಡಿ ದಾಟಿಸಿಯೂ ಬಿಟ್ಟಿತು. ಕೈಯಲ್ಲಿ ಜರ್ಮನಿಯ ಕಾಗದ ಇದ್ದವರ ಗತಿ ಇದು.

ಇರಾನ್ 1951ರ ಒಪ್ಪಂದಕ್ಕೆ 1976ರಲ್ಲೇ ಸೇರಿದೆ. ಆದರೂ 2025ರ ಜುಲೈ 6ರ ಗಡುವು ಕೊಟ್ಟು, ಒಂದೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಇಸ್ಲಾಂ ಕಲಾ ಗಡಿಯಿಂದ ಆಚೆ ಕಳಿಸಿತು. ಅಲ್ಲಿಗೆ ಹೋಗೋದು ಬಾಣಲೆಯಿಂದ ಬೆಂಕಿಗೆ.

ಮೈಸೂರು ಹಾಸ್ಟೆಲ್
ಯುಎನ್‌ಎಚ್‌ಸಿಆರ್ ಕಾರ್ಡ್ (ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಡೋದು) ಮಾಡಿಸಿದರೆ ಯಾರೂ ಮುಟ್ಟಲ್ಲ ಅಲ್ವಾ? ನನ್ನ ಹಜಾರಾ ಕ್ಲಾಸ್‌ಮೇಟ್ ಒಬ್ಬ ದೆಹಲಿಯಲ್ಲಿ ಮಾಡಿಸಿಕೊಂಡಿದ್ದ.

ಸಿಡ್ನಿ ಶನಿವಾರ
ದೆಹಲಿಯ ವಿಷಯ ಬೇರೆ, ಪಾಕಿಸ್ತಾನದ ವಿಷಯ ಬೇರೆ. ಪಾಕಿಸ್ತಾನದಲ್ಲಿ ಮೂರು ನಾಲ್ಕು ಥರದ ಅಫ್ಘನ್ನರಿದ್ದಾರೆ. ಪಿಒಆರ್ ಕಾರ್ಡಿನವರು (ನಿರಾಶ್ರಿತರಾಗಿ ನೋಂದಾಯಿಸಿಕೊಂಡವರು), ಎಸಿಸಿ ಕಾರ್ಡಿನವರು (ಪಾಕಿಸ್ತಾನ ಕೊಟ್ಟ ‘ಅಫ್ಘನ್ ಪ್ರಜೆ’ ಕಾರ್ಡು), ವೀಸಾದವರು, ಏನೂ ಇಲ್ಲದವರು. 2023ರ ಅಕ್ಟೋಬರಿನಲ್ಲಿ ಮೊದಲು ಏನೂ ಇಲ್ಲದವರಿಗೆ ‘ನವೆಂಬರ್ 1ರೊಳಗೆ ಹೋಗಿ’ ಅಂದರು. 2025ರ ಮಾರ್ಚ್ 31ಕ್ಕೆ ಎಸಿಸಿಯವರ ಸರದಿ. ಜೂನ್ 30ಕ್ಕೆ ಪಿಒಆರ್ ಕಾರ್ಡುಗಳೂ ಮುಗಿದವು, ಸೆಪ್ಟೆಂಬರಿನಿಂದ ಅವರನ್ನೂ ಕಳಿಸಲು ಶುರು. ಅಲ್ಲೇ ಹುಟ್ಟಿ ಬೆಳೆದವರಿದ್ದಾರೆ ಅದರಲ್ಲಿ. ಯುಎನ್‌ಎಚ್‌ಸಿಆರ್ ಚೀಟಿ ಇದ್ದರೆ ಕೆಲವು ಸಲ ಬಿಡುತ್ತಾರೆ, ಕೆಲವು ಸಲ ಬಿಡಲ್ಲ. ಆದರೂ ಹೆಸರು ದಾಖಲಿಸಲಿ. ನಾಳೆ ಅರ್ಜಿಗೆ ಒಂದು ಕಾಗದ ಜಾಸ್ತಿ ಆಗುತ್ತದೆ. ಅಲ್ಲಿಂದಲೇ ಬೇರೆ ದೇಶಕ್ಕೆ ಕಳಿಸುತ್ತಾರೆ ಅನ್ನೋ ಆಸೆ ಬೇಡ. ಜಗತ್ತಿನ ನಿರಾಶ್ರಿತರಲ್ಲಿ ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಆ ಭಾಗ್ಯ ಇಲ್ಲ.

ಪರ್ತ್ ಪಮ್ಮಿ
ಅಲ್ಲೇ ಉಳಿಯುವ ಕೆಲಸದ ಬಗ್ಗೆ ನನ್ನ ಜೊತೆಯವರನ್ನು ಕೇಳಿಕೊಂಡು ಬಂದೆ. ಅವರ ತಮ್ಮನ ಮನೆಯವರು ಇನ್ನೂ ಅಲ್ಲೇ ಇದ್ದಾರೆ, ಎರಡು ವರ್ಷದಿಂದ. ಅವರು ಹೇಳಿದ್ದು ಇಷ್ಟು.

ದೊಡ್ಡ ಹುಡುಗ ಅಂಗಡಿಗೆ ಹೋಗೋದು ಬೇಡ, ಚಿಕ್ಕವನನ್ನೋ ತಾಯಿಯನ್ನೋ ಕಳಿಸಿ. ಹಿಡಿಯೋದು ಹುಡುಗರನ್ನೇ ಜಾಸ್ತಿ. ಮೂಲ ಕಾಗದ ಜೇಬಲ್ಲಿ ಇಟ್ಟುಕೊಂಡು ಓಡಾಡಬಾರದು, ಕಿತ್ತುಕೊಂಡರೆ ಮುಗಿಯಿತು, ಜೆರಾಕ್ಸ್ ಸಾಕು. ತಜ್ಕಿರಾ (ಅಫ್ಘನ್ ಗುರುತಿನ ಚೀಟಿ), ಪಾಸ್‌ಪೋರ್ಟು, ನಿಕಾಹ್ ಪತ್ರ, ಗಂಡನ ಮರಣ ಪತ್ರ, ಶಾಲೆಯ ಸಂಬಳದ ಚೀಟಿ, ಎಲ್ಲವನ್ನೂ ಫೋಟೊ ತೆಗೆದು ನಿಮಗೆ ಕಳಿಸಲಿ. ಅಲ್ಲಿನ ಫೋನ್ ಹೋದರೂ ನಿಮ್ಮ ಹತ್ತಿರ ಇರುತ್ತದೆ. ಯಾರನ್ನಾದರೂ ಹಿಡಿದರೆ ಅರ್ಧ ಗಂಟೆಯೊಳಗೆ ಫೋನ್ ಮಾಡೋಕೆ ಅಲ್ಲಿನ ಒಬ್ಬ ವಕೀಲರ ನಂಬರು ಎಲ್ಲರಿಗೂ ಬಾಯಿಪಾಠ ಇರಬೇಕು. ಹಿಡಿದವರನ್ನು ಮೊದಲು ತಂಗಿಸುವ ಕ್ಯಾಂಪಿಗೆ ಒಯ್ಯುತ್ತಾರೆ. ಅಲ್ಲಿಂದ ಬಸ್ ಹತ್ತಿಸಿದ ಮೇಲೆ ಯಾರ ಕೈಲೂ ಆಗಲ್ಲ.

ಬಾಡಿಗೆಗೆ ಎರಡು ಮೂರು ಸಂಸಾರ ಸೇರಿ ಒಂದು ಮನೆ ಹಿಡಿಯುತ್ತಾರಂತೆ, ಪರಿಚಯದ ಪಾಕಿಸ್ತಾನಿ ಹೆಸರಲ್ಲಿ. ಸರಿಯೋ ತಪ್ಪೋ, ಅವರು ಹೇಳಿದ್ದನ್ನು ಹೇಳಿದೆ.

ಧಾರವಾಡ ವಕೀಲ
ಕೊನೆಯದ್ದಕ್ಕೆ ಮುಂಚೆ ಅಲ್ಲಿನ ವಕೀಲರನ್ನು ಕೇಳಿ. ಮನೆ ಕೊಟ್ಟವನಿಗೂ ತೊಂದರೆ ಆಗಬಹುದು.

ಇನ್ನೊಂದು, ನಾಳೆ ಆಸ್ಟ್ರೇಲಿಯಾ ವೀಸಾ ಬಂದರೂ ಪಾಕಿಸ್ತಾನ ಬಿಡೋಕೆ ನಿರ್ಗಮನ ಪರವಾನಗಿ ಬೇಕು. ವೀಸಾ ಮೀರಿ ಇದ್ದದ್ದಕ್ಕೆ ತಲೆಗೆ ಇಷ್ಟು ಅಂತ ದಂಡ. 2023ರಲ್ಲಿ 830 ಡಾಲರ್ ಅಂದಿದ್ದರು, ಆಮೇಲೆ 400ಕ್ಕೆ ಇಳಿಸಿದರು. ಏಜೆಂಟಿಗೆ ಕೊಡುವ ದುಡ್ಡನ್ನು ಇದಕ್ಕೆ ಎತ್ತಿಡಿ.

ಮೊದಲು ನಮ್ಮ ಮನೆ
ನಾನು ಮೇಲೆ ಬರೆದಿದ್ದು ಸ್ವಲ್ಪ ಒರಟಾಯಿತು. ಆದರೂ ಗುಳೆ ಹೋಗೋರ ಮಾತು ನಾನು ವಾಪಸ್ ತಗೊಳ್ಳಲ್ಲ. ಹೆಣ್ಣುಮಕ್ಕಳ ಓದು ಏನಾಗಿದೆ ಈಗ?

ಬೆಣ್ಣೆದೋಸೆ_ಮೆಲ್ಬರ್ನ್
ವಾಪಸ್ ತಗೋಬೇಡಿ, ಅದೂ ನಿಜಾನೇ.

ದೊಡ್ಡವಳು ರಾತ್ರಿ ಫೋನಿನಲ್ಲಿ ಕ್ಲಾಸ್ ಕೇಳುತ್ತಾಳೆ. ಕಾಬೂಲಿನಲ್ಲಿ ಆರನೇ ಕ್ಲಾಸ್ ಮೇಲೆ ಹುಡುಗಿಯರಿಗೆ ಶಾಲೆ ಇಲ್ಲ, ಪಾಕಿಸ್ತಾನದಲ್ಲಿ ಕಾಗದ ಇಲ್ಲ ಅಂತ ಶಾಲೆ ಸೇರಿಸಿಕೊಳ್ಳಲ್ಲ. 2022ರ ಸೆಪ್ಟೆಂಬರ್ 30ಕ್ಕೆ ಬರ್ಚಿಯ ಕಾಜ್ ಟ್ಯೂಷನ್ ಸೆಂಟರಿನಲ್ಲಿ ಬಾಂಬ್ ಸಿಡಿಯಿತಲ್ಲ, ಐವತ್ತಕ್ಕೂ ಹೆಚ್ಚು ಮಕ್ಕಳು ಹೋದರು, ಹುಡುಗಿಯರೇ ಜಾಸ್ತಿ. ಪರೀಕ್ಷೆ ಬರೆಯುತ್ತಾ ಕೂತಿದ್ದರು. ಅತ್ತಿಗೆಯ ಹಳೇ ವಿದ್ಯಾರ್ಥಿನಿಯರು ಇಬ್ಬರು ಅದರಲ್ಲಿದ್ದರು. ಆವತ್ತಿನಿಂದ ಅವರು ಕಾಬೂಲ್ ಅನ್ನೋ ಪದವನ್ನೇ ಹೇಳಲ್ಲ, ‘ಅಲ್ಲಿ’ ಅಂತಾರೆ.

ತುಂಗಾ ತೀರ
ನೀವು ಅವರ ಜೊತೆ ಯಾವ ಭಾಷೆಯಲ್ಲಿ ಮಾತಾಡ್ತೀರಿ ಅಕ್ಕಾ? ಕುತೂಹಲ ಅಷ್ಟೆ.

ಬೆಣ್ಣೆದೋಸೆ_ಮೆಲ್ಬರ್ನ್
ನನ್ನ ಹಜಾರಗಿ ಅಂಗನವಾಡಿ ಮಟ್ಟದ್ದು. ಅವರಿಗೆ ಅಲ್ಪಸ್ವಲ್ಪ ಉರ್ದು ಬಂದಿದೆ. ತಮಾಷೆ ಅಂದರೆ ಫಾರ್ಮ್ ತುಂಬುವಾಗ ಮಾತ್ರ ನಾವಿಬ್ಬರೂ ಸಲೀಸಾಗಿ ಮಾತಾಡ್ತೀವಿ. ಅರ್ಜಿ, ತಾರೀಖು, ಜಾಮೀನು, ರಸೀದಿ, ಕಾಗದ, ಎಲ್ಲ ಅವರಿಗೂ ಗೊತ್ತು. ನಮ್ಮ ಕಚೇರಿಯ ಅರ್ಧ ಕನ್ನಡ ಪಾರಸಿ ಕಡೆಯಿಂದ ಬಂದದ್ದು ಅಲ್ವಾ. ಊಟ, ನಿದ್ದೆ, ಬೇಜಾರು ಅಂತ ಕೇಳೋಕೆ ಹೋದರೆ ತಡಕಾಡ್ತೀನಿ. ಬೇಜಾರು ಅವರಿಗೆ ಗೊತ್ತು, ಆದರೆ ಅವರ ಬೇಜಾರು ಇನ್ನೂ ಖಾರ, ಅಸಹ್ಯದ ಹತ್ತಿರ.

ಇನ್ನೊಂದು ತಮಾಷೆ. ಅವರ ಭಾಷೆಯಲ್ಲಿ ಸೋದರತ್ತೆಗೆ ‘ಅಮ್ಮ’ ಅಂತಾರೆ. ನನ್ನ ಮಗನಿಗೆ ಎರಡು ಅಮ್ಮ. ಒಬ್ಬಳು ಮನೆಯಲ್ಲಿ, ಒಬ್ಬರು ಫೋನಿನಲ್ಲಿ.

ಸುಮ್ನೆ ಓದೋನು
ಅಜ್ಜಿಯ ಹಜಾರದ ಕಥೆ ಬಾಕಿ ಇದೆ.

ಬೆಣ್ಣೆದೋಸೆ_ಮೆಲ್ಬರ್ನ್
ಕಥೆ ಅಂದರೆ ಅಷ್ಟೇ. ಪಾರಸಿಯಲ್ಲಿ ಹಜಾರ್ ಅಂದರೆ ಸಾವಿರ, ಅದರಿಂದ ಬಂದ ಹೆಸರು ಅಂತ ಗಂಡ ವಿವರಿಸಿದರು. ಅಜ್ಜಿ ಎಲ್ಲ ಕೇಳಿಸಿಕೊಂಡು, ‘ನನಗೆ ಸಾವಿರ ಬೇಡ ಕಣಪ್ಪಾ, ಹಜಾರದಲ್ಲಿ ಬಂದು ಕೂತು ಒಂದು ದೋಸೆ ತಿನ್ನು’ ಅಂದರು. ಎಂಟು ತಿಂದರು. ಒಪ್ಪಿಗೆ ಸಿಕ್ಕಿತು.

ಬೈಲುಕುಪ್ಪೆ ಬಸ್
ಎಂಟು ಬೆಣ್ಣೆ ದೋಸೆ ಅಂದ್ರೆ ದಾವಣಗೆರೆಯಲ್ಲಿ ಆಧಾರ್ ಕಾರ್ಡೇ ಕೊಡಬೇಕು.

ಬೆಣ್ಣೆದೋಸೆ_ಮೆಲ್ಬರ್ನ್
ಏಳು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕೆಲವರು ಸಂದೇಶ ಕಳಿಸಿ ಕೇಳಿದಿರಿ.

ಏಜೆಂಟಿಗೆ ನೋಂದಣಿ ಸಂಖ್ಯೆ ಕೇಳಿದೆವು. ಸಿಡ್ನಿಯವರು ಹೇಳಿದ ಹಾಗೇ ಆಯಿತು, ಆ ನಂಬರು ಈಗ ಹೋಗೋದೇ ಇಲ್ಲ. ಉಚಿತ ಕೇಂದ್ರದಲ್ಲಿ ಮೂರು ವಾರ ಕಾದ ಮೇಲೆ ಒಬ್ಬ ವಕೀಲೆ ಸಿಕ್ಕರು. ಅತ್ತಿಗೆಯ ಹೇಳಿಕೆ ಬರೆಸೋಕೆ ನಾಲ್ಕು ರಾತ್ರಿ ಹಿಡಿಯಿತು. ಅಲ್ಲಿ ಕರೆಂಟ್ ಹೋಗುತ್ತದೆ, ಮಧ್ಯೆ ಅವರು ಅಳುತ್ತಾರೆ, ಆಮೇಲೆ ನಾವು. ಮೊದಲ ಸಲ ಬರೆದಾಗ ತಮ್ಮ ವಿಷಯ ಬಿಟ್ಟು ಎಲ್ಲರ ಕಷ್ಟ ಬರೆದಿದ್ದರು. ‘ನಿಮ್ಮದು ಹೇಳಿ’ ಅಂದರೆ ‘ನನ್ನದೇನು ದೊಡ್ಡದು’ ಅಂದರು.

ಆ ಮನೆ ಬಿಟ್ಟು ಈಗ ಇನ್ನೊಂದು ಸಂಸಾರದ ಜೊತೆ ಎರಡು ಕೋಣೆಯಲ್ಲಿ ಇದ್ದಾರೆ. ಅಲ್ಲಿನ ವಕೀಲರನ್ನು ಕೇಳಿಯೇ ಹೋದದ್ದು. ದೊಡ್ಡ ಹುಡುಗ ಒಂದು ತಿಂಗಳಿಂದ ಹೊರಗೆ ಕಾಲಿಟ್ಟಿಲ್ಲ. ತಾರಸಿ ಮೇಲೂ ಹೋಗಲ್ಲ.

ನಿನ್ನೆ ಬೆಳಗ್ಗೆ ಇಲಾಖೆಯಿಂದ ಪತ್ರ ಬಂತು. ವೀಸಾ ಅಲ್ಲ. ಅರ್ಜಿ ನಮಗೆ ಸೇರಿದೆ, ಇದು ನಿಮ್ಮ ಫೈಲ್ ನಂಬರ್, ಅಷ್ಟೇ. ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತಿದ್ದೆ. ಅತ್ತಿಗೆಗೆ ಹೇಗೆ ಹೇಳೋದು ಅಂತ ಪದ ಹುಡುಕುವಷ್ಟರಲ್ಲಿ ಅವರದ್ದೇ ಸಂದೇಶ ಬಂತು, ದಿನಾ ಕಳಿಸುವ ಒಂದೇ ಪದ: ‘ರಸೀದ್?’ ಇಷ್ಟು ದಿನ ನಾನು ಅವರು ರಸೀದಿ ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ಅವರ ಭಾಷೆಯಲ್ಲಿ ಅದಕ್ಕೆ ‘ತಲುಪಿತಾ’ ಅನ್ನೋ ಅರ್ಥವೂ ಇದೆಯಂತೆ. ಪತ್ರದ ಫೋಟೊ ಹಾಕಿ ನಾನೂ ‘ರಸೀದ್’ ಅಂತ ಬರೆದೆ. ಎರಡೂ ಅರ್ಥಕ್ಕೆ ಆಯಿತು.

ಸಿಡ್ನಿ ಶನಿವಾರ
ಆ ಪತ್ರವನ್ನು ಪ್ರಿಂಟ್ ತೆಗೆದು ಅವರಿಗೂ ಕಳಿಸಿ. ವಿಳಾಸ ಬದಲಾಗಿದೆ ಅಲ್ವಾ, ಇಲಾಖೆಗೆ ತಿಳಿಸಿದಿರಾ? ಅದಕ್ಕೆ ಅಂತ ಬೇರೆ ಫಾರ್ಮ್ ಇದೆ. ಇವತ್ತೇ ಮಾಡಿ.

ಬೆಣ್ಣೆದೋಸೆ_ಮೆಲ್ಬರ್ನ್
ಅಯ್ಯೋ. ಇಲ್ಲ. ಈಗಲೇ.

ಮಂಡ್ಯದ ಗೌಡ್ರು
ತಂಗ್ಯಮ್ಮಾ, ಕಾರು ಮಾರಿಲ್ಲ ತಾನೇ?

ಬೆಣ್ಣೆದೋಸೆ_ಮೆಲ್ಬರ್ನ್
ಇಲ್ಲ ಗೌಡ್ರೇ. ಐದು ಟಿಕೆಟ್ಟಿಗೆ ಅಂತ ಇಟ್ಟುಕೊಂಡಿದ್ದೀವಿ.